ಲೆಕ್ಕ ಬಲ್ಲ ಪದವೀಧರರಿಗೆ ಮಾತೂ ಬರಬೇಕು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ವರ್ತಕರಿಗೆ ಹೊಸದಲ್ಲ. ಗಿರಾಕಿಯೊಡನೆ ಮಾತನಾಡುವ ಜಾಣ್ಮೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಬರುತ್ತದೆ. ಆದರೆ ಅದೇ ಮಾತು ಬ್ಯಾಂಕಿನಲ್ಲಿ, ತೆರಿಗೆ ಕಚೇರಿಯಲ್ಲಿ ತಡವರಿಸುವುದುಂಟು. ಬಿ.ಕಾಂ. ಮುಗಿಸಿ ಮನೆಯ ಉದ್ಯಮಕ್ಕೆ ಬರುವ ಮಕ್ಕಳು ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಬಲ್ಲರು. ಅದನ್ನು ಎದುರಿಗಿರುವವರಿಗೆ ವಿವರಿಸಲು ಹಿಂಜರಿಯುತ್ತಾರೆ. ಈ ಕೊರತೆಯನ್ನು ನೀಗಿಸಲು ಕಾಲೇಜಿನ ವರ್ಷಗಳೇ ತಕ್ಕ ಕಾಲ.

ಮಾತಿನ ಬೆಲೆ

ದುಡಿಯುವ ಬಂಡವಾಳದ ಸಾಲಕ್ಕೆ ಹೋದಾಗ ಅಧಿಕಾರಿಯು, ‘ಮಾರಾಟ ಶೇ. 20ರಷ್ಟು ಏರಿದೆ, ಬರಬೇಕಾದ ಬಾಕಿ ಮಾತ್ರ ಶೇ. 40ರಷ್ಟು ಏರಿರುವುದೇಕೆ?’ ಎಂದು ಕೇಳಿದರೆನ್ನೋಣ. ಕಾರಣವನ್ನು ಎರಡು ನಿಮಿಷಗಳಲ್ಲಿ ಹೇಳಲಾಗದಿದ್ದರೆ ಒಳ್ಳೆಯ ಲೆಕ್ಕವೂ ಸಂಶಯಕ್ಕೆ ಎಡೆಮಾಡುತ್ತದೆ.

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 75(4)ನೆಯ ಕಲಮು ಪ್ರತಿಕೂಲ ಆದೇಶಕ್ಕೆ ಮುನ್ನ ಅಹವಾಲು ಹೇಳಿಕೊಳ್ಳುವ ಅವಕಾಶ ನೀಡುತ್ತದೆ. 75(5)ನೆಯ ಕಲಮಿನಂತೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ದೊರೆಯದು. 116ನೆಯ ಕಲಮಿನನ್ವಯ ಅಧಿಕೃತ ಪ್ರತಿನಿಧಿಯನ್ನು ಕಳುಹಿಸಬಹುದಾದರೂ, ಸರಕಿನ ಚಲನವಲನದ ಸತ್ಯಾಂಶವನ್ನು ಆ ಪ್ರತಿನಿಧಿಗೆ ಸ್ಪಷ್ಟವಾಗಿ ತಿಳಿಸಬೇಕಾದವರು ಉದ್ದಿಮೆದಾರರೇ.

ಕಲಿಯುವ ಬಗೆ

ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಪ್ರಕಟಿಸಿದ ‘ಜೀವನ ಕೌಶಲ’ ಪಠ್ಯಕ್ರಮದಲ್ಲಿ ಸಂವಹನಕ್ಕೆ ಸ್ಥಾನವಿದೆ. ಸಿ.ಎ. ವಿದ್ಯಾರ್ಥಿಗಳಿಗೂ ನಿರ್ವಹಣೆ ಮತ್ತು ಸಂವಹನ ಕೌಶಲದ ತರಬೇತಿ ಕಡ್ಡಾಯವಾಗಿದೆ. ಆದರೆ ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದಂತೆ, ಭಾಷಣವನ್ನು ಟಿಪ್ಪಣಿ ಬರೆದುಕೊಂಡು ಕಲಿಯಲಾಗದು.

ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ ಕ್ರಮ ಇಲ್ಲಿ ಮಾದರಿಯಾಗಬಲ್ಲದು. ಬೆಂಗಳೂರಿನಲ್ಲಿಯೂ ಇಂತಹ ಕ್ಲಬ್ಬುಗಳಿವೆ. ಸದಸ್ಯರೊಬ್ಬರು 5ರಿಂದ 7 ನಿಮಿಷ ಸಿದ್ಧ ಭಾಷಣ ಮಾಡುತ್ತಾರೆ. ಒಬ್ಬರು ವೇಳೆ ನೋಡುತ್ತಾರೆ, ಇನ್ನೊಬ್ಬರು ‘ಆಂ’, ‘ಊಂ’ ಎಂಬ ತಡವರಿಕೆಗಳನ್ನು ಎಣಿಸುತ್ತಾರೆ, ಮತ್ತೊಬ್ಬರು ಗುಣದೋಷಗಳನ್ನು ಹೇಳುತ್ತಾರೆ. ಥಟ್ಟನೆ ಕೊಟ್ಟ ವಿಷಯದ ಮೇಲೆ 1ರಿಂದ 2 ನಿಮಿಷ ಮಾತನಾಡುವ ಅಭ್ಯಾಸವೂ ಉಂಟು. ಯಾವುದೇ ಕಾಲೇಜು ಖರ್ಚಿಲ್ಲದೆ ಇದನ್ನು ಅಳವಡಿಸಿಕೊಳ್ಳಬಹುದು.

ವ್ಯವಹಾರದ ಮಾತಿಗೆ ನಾಲ್ಕು ಮೆಟ್ಟಿಲುಗಳು ಸಾಕು:

1. ಮೊದಲು ತೀರ್ಮಾನ.
2. ಅದಕ್ಕೆ ಕಾರಣ.
3. ಅಂಕಿ ಅಥವಾ ದಾಖಲೆಯ ಆಧಾರ.
4. ಕೊನೆಗೆ ಕೋರಿಕೆ.

ಮೇಲಿನ ಬ್ಯಾಂಕ್ ಪ್ರಶ್ನೆಗೆ, ‘ಬಾಕಿ ಮುಳುಗುವಂತಹುದಲ್ಲ, ಮೂವರು ದೊಡ್ಡ ಗಿರಾಕಿಗಳ ಪಾವತಿ ಅವಧಿ 30ರಿಂದ 45 ದಿನಗಳಿಗೆ ಹೋಗಿದೆ, ಅವರ ಖಾತೆಗಳ ಪ್ರತಿ ಇಲ್ಲಿದೆ, ಮಿತಿಯನ್ನು ಅದಕ್ಕನುಗುಣವಾಗಿ ಹೆಚ್ಚಿಸಬೇಕು’ ಎಂಬುದು ಪೂರ್ಣ ಉತ್ತರ.

ಎರಡು ತಪ್ಪು ಕಲ್ಪನೆಗಳು

ಸಂವಹನವೆಂದರೆ ಇಂಗ್ಲಿಷ್ ಎಂಬುದು ಮೊದಲನೆಯದು. ವಿಚಾರ ಕನ್ನಡದಲ್ಲಿ ಸ್ಪಷ್ಟವಾಗದವರಿಗೆ ಇಂಗ್ಲಿಷಿನಲ್ಲಿಯೂ ಸ್ಪಷ್ಟವಾಗದು.

ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದುದು ಧ್ವನಿ ಮತ್ತು ಹಾವಭಾವ ಎಂಬುದು ಎರಡನೆಯದು. ಇದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳ ಅಪಾರ್ಥ. ಭಾವನೆಗಳನ್ನು ವ್ಯಕ್ತಪಡಿಸುವ ಸಂದರ್ಭಕ್ಕಷ್ಟೇ ಆ ಅಂಕಿಗಳು ಸಂಬಂಧಿಸಿವೆಯೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಈ ಅಂಕಿಯನ್ನು ಮುಂದಿಟ್ಟು ದುಬಾರಿ ಶುಲ್ಕ ಕೇಳುವ ತರಬೇತಿಗಳ ಬಗ್ಗೆ ಎಚ್ಚರವಿರಲಿ.

ಉದ್ದಿಮೆದಾರರ ಪಾತ್ರ

ಕಾಲೇಜಿನಲ್ಲಿ ಕಲಿತದ್ದು ಉಳಿಯಬೇಕಾದರೆ ಬಳಕೆ ಬೇಕು. ವಾರಕ್ಕೊಮ್ಮೆ ಬಾಕಿ ವಸೂಲಿಯ ಸ್ಥಿತಿಯನ್ನು ಮೂರು ನಿಮಿಷಗಳಲ್ಲಿ ಎಲ್ಲರೆದುರು ಹೇಳುವ ಹೊಣೆಯನ್ನು ಮನೆಯ ಮಕ್ಕಳಿಗೋ ಹೊಸ ಸಿಬ್ಬಂದಿಗೋ ವಹಿಸಬಹುದು.

ಆಡಿದ ಮಾತನ್ನು ಅಂದೇ ಬರಹಕ್ಕಿಳಿಸುವುದನ್ನೂ ಕಲಿಸಬೇಕು. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ 15ನೆಯ ಕಲಮು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣಕ್ಕೆ ಲಿಖಿತ ಒಪ್ಪಂದದ ದಿನಾಂಕವನ್ನು, ಅದೂ ಗರಿಷ್ಠ 45 ದಿನಗಳ ಮಿತಿಯಲ್ಲಿ, ಮಾನ್ಯ ಮಾಡುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ಬಾಯಿಮಾತಿನ ಗಡುವಿಗೆ ಅಲ್ಲಿ ಸ್ಥಾನವಿಲ್ಲ. ಚೆನ್ನಾಗಿ ಮಾತನಾಡುವುದು ವ್ಯವಹಾರವನ್ನು ಕುದುರಿಸುತ್ತದೆ. ಮಾತನ್ನು ಬರೆದಿಡುವುದು ಅದರ ಹಣವನ್ನು ಕೈಸೇರಿಸುತ್ತದೆ.