ರಕ್ತದ ಕಲೆಯೂ ನ್ಯಾಯದ ಸಾಕ್ಷ್ಯವೂ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ನಮ್ಮನ್ನು ಕಾಣಲು ಬಂದಾಗ, ವರ್ತಮಾನಪತ್ರಿಕೆಗಳಲ್ಲಿ ಪದೇ ಪದೇ ಓದುವ ಡಿ.ಎನ್.ಎ. ಪರೀಕ್ಷೆ ಎಂದರೇನು, ಅದು ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂದು ಕೇಳುವದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಒಬ್ಬ ಮನುಷ್ಯನ ಮಾನವೂ ಸ್ವಾತಂತ್ರ್ಯವೂ ಕೆಲವೊಮ್ಮೆ ಈ ಪರೀಕ್ಷೆಯ ಮೇಲೆಯೇ ನಿಂತಿರುವದರಿಂದ ಅದರ ಕ್ರಮವನ್ನು ಅರಿಯುವದು ಪಂಡಿತರ ಕೆಲಸ ಮಾತ್ರವಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಯಥಾಶಕ್ತಿ ವಿವರಿಸಲು ಮನಸ್ಸು ಮಾಡಿದ್ದೇವೆ.

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಅವುಗಳಲ್ಲಿ ಬಹುತರದವುಗಳ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಅತಿ ಸೂಕ್ಷ್ಮವಾದ ದಾರವು ಸುತ್ತಿಕೊಂಡಿರುವದು. ಅದನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳನ್ನು ಬಳಸಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಒಂದು ಗ್ರಂಥಕ್ಕೆ ಹೋಲಿಸಬಹುದು. ಈ ಗ್ರಂಥದ ಒಂದು ಪ್ರತಿಯು ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ನಮಗೆ ಬಂದಿರುವದು. ಅದರ ಬಹುಭಾಗವು ಎಲ್ಲಾ ಮನುಷ್ಯರಲ್ಲಿ ಒಂದೇ ತೆರನಾಗಿದೆ. ಆದರೆ ಕೆಲವು ಸ್ಥಳಗಳಲ್ಲಿ ಒಂದು ಚಿಕ್ಕ ಪದವು ಮೇಲಿಂದ ಮೇಲೆ ಬರೆಯಲ್ಪಟ್ಟಿರುತ್ತದೆ. ಅದು ಎಷ್ಟು ಸಾರಿ ಬಂದಿದೆ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆಯಾಗುತ್ತದೆ. ಪರೀಕ್ಷೆಯ ಗುಟ್ಟೆಲ್ಲವೂ ಇದರಲ್ಲಿಯೇ ಇದೆ.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಲೆಕ್ ಜೆಫ್ರಿಸ್ ಎಂಬ ವಿದ್ವಾಂಸರು 1984ನೆಯ ಸಪ್ಟೆಂಬರ್ 10ರಂದು ಇದನ್ನು ಕಂಡುಕೊಂಡರು. ಅವರ ಕ್ರಮವು ಈ ಮೇರೆಗೆ ಇತ್ತು: ಡಿ.ಎನ್.ಎ.ಯನ್ನು ಕಿಣ್ವಗಳಿಂದ ಕತ್ತರಿಸಿ, ಆ ತುಂಡುಗಳನ್ನು ಜೆಲ್ ಎಂಬ ಲೋಳೆಯಂಥ ಪದರಿನಲ್ಲಿಟ್ಟು ವಿದ್ಯುತ್ತನ್ನು ಹರಿಸುವರು. ಚಿಕ್ಕ ತುಂಡುಗಳು ಬೇಗ ಮುಂದೆ ಸಾಗುವವು, ದೊಡ್ಡವು ಹಿಂದುಳಿಯುವವು. ಬಳಿಕ ವಿಕಿರಣಶೀಲ ವಸ್ತುವಿನಿಂದ ಗುರುತು ಮಾಡಿ ಎಕ್ಸ್-ರೇ ಫಿಲ್ಮಿನ ಮೇಲೆ ಛಾಪಿಸಿದರೆ ಗೆರೆಗೆರೆಯಾದ ಚಿತ್ರವೊಂದು ಮೂಡುವದು. ಅದು ಒಬ್ಬೊಬ್ಬರದು ಒಂದೊಂದು ಬಗೆ; ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಮಾತ್ರ ಒಂದೇ ಬಗೆ.

ಈ ವಿದ್ಯೆಯು ಅಪರಾಧದ ತನಿಖೆಯಲ್ಲಿ ಮೊದಲು ಪ್ರಯೋಗವಾದ ಸಂಗತಿಯು ನೆನಪಿನಲ್ಲಿಡತಕ್ಕದ್ದು. ಲೆಸ್ಟರಿನ ಸಮೀಪದ ಗ್ರಾಮಗಳಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹೀಗೆ ಹದಿನೈದು ವಯಸ್ಸಿನ ಇಬ್ಬರು ಬಾಲಿಕೆಯರು ದುಷ್ಟನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಹದಿನೇಳು ವರುಷದ ಒಬ್ಬ ಹುಡುಗನನ್ನು ಪೊಲೀಸರು ಹಿಡಿದಾಗ, ಅವನು ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡನು. ಮೊದಲನೆಯದನ್ನೂ ಅವನೇ ಮಾಡಿದನೆಂದು ಸಿದ್ಧಪಡಿಸುವ ಸಲುವಾಗಿ ಅವರು ಜೆಫ್ರಿಸರ ಸಹಾಯವನ್ನು ಕೇಳಿದರು. ಪರೀಕ್ಷೆಯ ಫಲವು ಎಲ್ಲರನ್ನೂ ಬೆರಗುಗೊಳಿಸಿತು: ಎರಡೂ ಕೃತ್ಯಗಳು ಒಬ್ಬನವೇ, ಆದರೆ ಆ ಒಬ್ಬನು ಈ ಹುಡುಗನಲ್ಲ! ಹೀಗೆ ಈ ವಿದ್ಯೆಯ ಮೊದಲ ಕೆಲಸವು ನಿರಪರಾಧಿಯ ಬಿಡುಗಡೆಯೇ ಆಯಿತು.

ತರುವಾಯ 1987ರಲ್ಲಿ ಸುತ್ತಲಿನ ಸುಮಾರು 5,000 ಗಂಡಸರ ರಕ್ತವನ್ನೋ ಉಗುಳನ್ನೋ ಪರೀಕ್ಷೆಗಾಗಿ ತೆಗೆದುಕೊಂಡರು. ಯಾರದೂ ಹೊಂದಲಿಲ್ಲ. ಏಕೆಂದರೆ ನಿಜವಾದ ಅಪರಾಧಿಯು ತನ್ನ ಜೊತೆಗೆಲಸದವನನ್ನು ಒಪ್ಪಿಸಿ, ತನ್ನ ಹೆಸರಿನಲ್ಲಿ ರಕ್ತ ಕೊಡಿಸಿದ್ದನು. ಆ ಜೊತೆಗಾರನು ಪಾನಗೃಹದಲ್ಲಿ ಬಾಯಿಬಿಟ್ಟ ಮಾತನ್ನು ಕೇಳಿದ ಒಬ್ಬ ಸ್ತ್ರೀಯು ಸುಮ್ಮನಿರಲಾರದೆ ಪೊಲೀಸರಿಗೆ ತಿಳಿಸಿದಳು. ಆಗ ಅಪರಾಧಿಯು ಸೆರೆಸಿಕ್ಕಿ, 1988ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ವಿದ್ಯೆಯೊಂದಿಗೆ ಒಬ್ಬಾಕೆಯ ಮನಸ್ಸಾಕ್ಷಿಯೂ ಸೇರಿದಾಗಲೇ ಸತ್ಯವು ಹೊರಬಿದ್ದಿತು.

ಜೆಫ್ರಿಸರ ಮೊದಲ ಕ್ರಮಕ್ಕೆ ಸಾಕಷ್ಟು ದೊಡ್ಡದಾದ ಕಲೆಯೇ ಬೇಕಾಗಿತ್ತು. ಈಗ ಪಿ.ಸಿ.ಆರ್. ಎಂಬ ವಿಧಾನದಿಂದ ಕೆಲವೇ ಜೀವಕೋಶಗಳಿದ್ದರೂ ಸಾಕಾಗುತ್ತದೆ. ಇದನ್ನು ಅಮೇರಿಕದ ಕೇರಿ ಮುಲ್ಲಿಸರು 1983ರಲ್ಲಿ ಕಲ್ಪಿಸಿ, 1993ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಡಿ.ಎನ್.ಎ.ಯನ್ನು ಕಾಯಿಸಿ, ತಣಿಸಿ, ಪುನಃ ಕಾಯಿಸುತ್ತಾ ಹೋದರೆ, ಒಂದೊಂದು ಸುತ್ತಿಗೂ ಬೇಕಾದ ಭಾಗದ ಪ್ರತಿಗಳು ಇಮ್ಮಡಿಯಾಗುವವು. ಲೆಕ್ಕದಲ್ಲಿ ಜಾಣೆಯರಾದ ನಮ್ಮ ಹುಡುಗಿಯರು ಗುಣಿಸಿ ನೋಡಲಿ: ಒಂದು ಪ್ರತಿಯು ಮೂವತ್ತು ಸುತ್ತುಗಳಲ್ಲಿ 100 ಕೋಟಿಯನ್ನು ಮೀರುವದು. ಈ ಪ್ರತಿಗಳನ್ನು ಕೂದಲೆಳೆಯಂತೆ ಸಣ್ಣಗಿರುವ ಕೊಳವೆಯಲ್ಲಿ ಹಾಯಿಸಿ, ಬಣ್ಣದ ಬೆಳಕಿನಿಂದ ಅವುಗಳ ಉದ್ದವನ್ನು ಯಂತ್ರವು ಅಳೆಯುತ್ತದೆ. ಉದ್ದವು ತಿಳಿದರೆ ಪದವು ಎಷ್ಟು ಸಾರಿ ಬಂದಿದೆ ಎಂಬುದೂ ತಿಳಿದಂತೆಯೇ. ಬುಡವಿಲ್ಲದ ಕೂದಲು, ಹಳೆಯ ಎಲುಬು ಮುಂತಾದವುಗಳಲ್ಲಿ, ತಾಯಿಯಿಂದ ಮಾತ್ರವೇ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಪರೀಕ್ಷಿಸುವರು.

ಒಂದೇ ಸ್ಥಳವು ಹೊಂದಿದರೆ ಏನೂ ಸಿದ್ಧವಾಗದು. ಉದಾಹರಣೆಗೆ, ಒಂದು ಗುರುತು ಹತ್ತರಲ್ಲಿ ಒಬ್ಬರಿಗೆ ಇದೆಯೆನ್ನೋಣ. ಅಂಥ ಎರಡು ಗುರುತುಗಳು ಕೂಡಿರುವದು ನೂರರಲ್ಲಿ ಒಬ್ಬರಲ್ಲಿ, ಮೂರು ಕೂಡಿರುವದು ಸಾವಿರದಲ್ಲಿ ಒಬ್ಬರಲ್ಲಿ. ಅಮೇರಿಕದ ದಾಖಲೆಯಲ್ಲಿ 1998ರಿಂದ 13 ಸ್ಥಳಗಳನ್ನೂ 2017ರಿಂದ 20 ಸ್ಥಳಗಳನ್ನೂ ನೋಡುತ್ತಾರೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆಯನ್ನು ಒದಗಿಸಿದವರಲ್ಲಿ ಹೈದರಾಬಾದಿನ ಡಾಕ್ಟರ್ ಲಾಲ್‌ಜೀ ಸಿಂಗರು ಪ್ರಮುಖರು.

ಆದರೂ ಯಂತ್ರವು ತನಗೆ ಕೊಟ್ಟದ್ದನ್ನು ಮಾತ್ರ ಓದಬಲ್ಲದು. ಜರ್ಮನಿ, ಆಸ್ಟ್ರಿಯ, ಫ್ರಾನ್ಸ್ ದೇಶಗಳ ಅನೇಕ ಅಪರಾಧಸ್ಥಳಗಳಲ್ಲಿ ಒಬ್ಬಳೇ ಸ್ತ್ರೀಯ ಗುರುತು ಸಿಕ್ಕಿ, ಪೊಲೀಸರು ವರುಷಗಟ್ಟಲೆ ಅವಳನ್ನು ಹುಡುಕಿದರು. ಕಡೆಗೆ 2009ರಲ್ಲಿ ತಿಳಿದುಬಂದದ್ದೇನೆಂದರೆ, ಆ ಗುರುತು ಕಲೆಯನ್ನು ಒರಸಿ ತೆಗೆಯುವ ಹತ್ತಿಕಡ್ಡಿಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬ ನಿರ್ದೋಷಿ ಹೆಂಗಸಿನದು! ಕಡ್ಡಿಗಳಲ್ಲಿ ರೋಗಾಣುಗಳಿರಲಿಲ್ಲ, ಆದರೆ ಡಿ.ಎನ್.ಎ. ಇತ್ತು. ಮೇಲಾಗಿ, ಗುರುತು ಹೊಂದಿದರೂ ಅದು ಯಾರದೆಂದು ಮಾತ್ರ ಹೇಳುವದು. ಅದು ಅಲ್ಲಿಗೆ ಯಾವಾಗ, ಹೇಗೆ ಬಂತೆಂದು ಹೇಳದು.

ತಾಯಂದಿರು ಒಂದು ಮಾತನ್ನು ಮರೆಯಬಾರದು. ಮನೆಯ ಹೆಣ್ಣುಮಗಳಿಗೆ ಯಾರಿಂದಲಾದರೂ ಕೇಡು ಸಂಭವಿಸಿದರೆ, ಲಜ್ಜೆಯಿಂದ ಉಡುಪನ್ನು ಒಗೆಯುವದಾಗಲಿ ಸುಡುವದಾಗಲಿ ಸಲ್ಲದು. ಆ ಬಟ್ಟೆಯನ್ನು ಕಾಗದದ ಚೀಲದಲ್ಲಿಡಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವವು ನಿಂತು, ಬೂಷ್ಟು ಹಿಡಿದು ಗುರುತು ನಾಶವಾಗುವದು. ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಲಜ್ಜೆಯು ತಪ್ಪು ಮಾಡಿದವನದೇ ಹೊರತು ಆ ಮಗುವಿನದಲ್ಲ.

ಊರಿನವರೆಲ್ಲರೂ ಒಬ್ಬನ ಕಡೆಗೆ ಬೆರಳು ತೋರಿಸುವಾಗ, ಆ ಹದಿನೇಳು ವರುಷದ ಹುಡುಗನನ್ನು ನಮ್ಮ ಹೆಣ್ಣುಮಕ್ಕಳು ನೆನೆಯಲಿ. ಸಾಕ್ಷ್ಯವನ್ನು ಕೇಳುವ ತನಕ ತೀರ್ಪನ್ನು ತಡೆಹಿಡಿಯುವದೂ, ತಿಳಿದ ಸತ್ಯವನ್ನು ಆ ಇಂಗ್ಲಿಷ್ ಸ್ತ್ರೀಯಂತೆ ಅಂಜದೆ ನುಡಿಯುವದೂ ವಿದ್ಯೆಯ ಫಲಗಳೇ ಎಂದು ನಾವು ನಂಬುತ್ತೇವೆ.