ಚೂರು ಮಾಹಿತಿ, ದೊಡ್ಡ ದ್ರೋಹ

ಗೂಢಚಾರನೆಂದೊಡನೆ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುದು ಸಿನಿಮಾದ ಮನುಷ್ಯ: ಕರಿ ಕನ್ನಡಕ, ಉದ್ದನೆಯ ಕೋಟು, ಕಿಸೆಯಲ್ಲಿ ಪಿಸ್ತೂಲು. ನಮ್ಮದೇ ರಾಜ್ಯದ ಕಾರವಾರದಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ಇದ್ದದ್ದು ಮೊಬೈಲ್ ಫೋನು ಮತ್ತು ಮುಖ ಕಾಣದವರ ಗೆಳೆತನ.

ಕಾರವಾರದ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾಯಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಇದೇ. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳವು ಉತ್ತರ ಕನ್ನಡ ಜಿಲ್ಲೆಯ ಇಬ್ಬರನ್ನೂ ಕೊಚ್ಚಿಯ ಒಬ್ಬನನ್ನೂ ಬಂಧಿಸಿತು. ಜಾಲತಾಣದಲ್ಲಿ ಪಾಕಿಸ್ತಾನದ ಗುಪ್ತಚರರ ಸಂಪರ್ಕಕ್ಕೆ ಬಂದು, ನೌಕಾನೆಲೆಗಳ ಸೂಕ್ಷ್ಮ ಮಾಹಿತಿ ನೀಡಿ ಹಣ ಪಡೆದರೆಂಬುದು ಅವರ ಮೇಲಿನ ಆರೋಪ. ಕಾರವಾರದವರಿಗೆ ಸಂದದ್ದು ತಿಂಗಳಿಗೆ 5,000 ರೂಪಾಯಿ ಎಂದು ಆಗ ವರದಿಯಾಗಿತ್ತು.

ಇಷ್ಟು ಸಣ್ಣ ಮಾಹಿತಿಯಿಂದ ಶತ್ರುವಿಗೇನು ಲಾಭ? ರಬಕವಿ-ಬನಹಟ್ಟಿಯ ಮಗ್ಗವನ್ನು ನೋಡಿರಿ. ಒಂದು ಎಳೆ ನೂಲಿನಲ್ಲಿ ಸೀರೆ ಕಾಣುವುದಿಲ್ಲ. ಎಳೆಗಳು ಕೂಡಿದಾಗ ಅಂಚು, ಸೆರಗು ಎಲ್ಲ ಮೂಡುತ್ತದೆ. ನಿನ್ನೆಯ ಚಿತ್ರದಲ್ಲಿ ಹಡಗು ಇದೆ, ಇಂದಿನದರಲ್ಲಿ ಇಲ್ಲ ಎಂದರೆ ಅದು ಹೊರಟಿದೆ ಎಂದಾಯಿತು. ಹೀಗೆ ಹತ್ತಾರು ಜನರ ಚೂರುಗಳನ್ನು ಜೋಡಿಸುವವನು ಬೇರೊಬ್ಬ.

ಇದರಲ್ಲಿ ವಿಜ್ಞಾನವೂ ಇದೆ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ದಿನಾಂಕ, ವೇಳೆ ದಾಖಲಾಗುತ್ತವೆ. ಲೊಕೇಶನ್ ಆನ್ ಇದ್ದರೆ, ಉಪಗ್ರಹಗಳ ಸಂಕೇತದಿಂದ ತಿಳಿದ ಅಕ್ಷಾಂಶ, ರೇಖಾಂಶಗಳೂ ಸೇರುತ್ತವೆ. ಮೂಲ ಫೈಲನ್ನೇ ಕಳಿಸಿದರೆ ಇವೆಲ್ಲ ಅದರೊಂದಿಗೇ ಹೋಗುತ್ತವೆ.

1923ರ ಅಧಿಕೃತ ರಹಸ್ಯಗಳ ಕಾಯಿದೆಯ ಪ್ರಕಾರ, ರಕ್ಷಣಾ ನೆಲೆಗಳಿಗೆ ಸಂಬಂಧಿಸಿದ ಗೂಢಚರ್ಯೆಗೆ 14 ವರ್ಷಗಳವರೆಗೆ ಜೈಲು ಶಿಕ್ಷೆ ಇದೆ.

ಎಚ್ಚರ ಬೇಕು, ನಿಜ. ಹಾಗೆಂದು ಸಂಶಯವನ್ನೇ ತೀರ್ಪು ಮಾಡಬಾರದು. 1994ರಲ್ಲಿ ಇಸ್ರೊ ಗೂಢಚರ್ಯೆಯ ಆರೋಪದಲ್ಲಿ ವಿಜ್ಞಾನಿ ನಂಬಿ ನಾರಾಯಣನ್, ಬೆಂಗಳೂರಿನ ಉದ್ಯಮಿ ಕೆ. ಚಂದ್ರಶೇಖರ್ ಮೊದಲಾದವರು ಬಂಧಿತರಾದರು. ಆರೋಪ ಸುಳ್ಳೆಂದು 1996ರಲ್ಲಿ ಸಿಬಿಐ ಹೇಳಿತು. ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಚಂದ್ರಶೇಖರ್ ತೀರಿಕೊಂಡರು. ಕಾರವಾರದ ಪ್ರಕರಣದಲ್ಲೂ ತಪ್ಪು ಒಪ್ಪು ನಿರ್ಣಯಿಸಬೇಕಾದದ್ದು ನ್ಯಾಯಾಲಯ.

ಜಮಖಂಡಿ, ಮುಧೋಳ, ಬೀಳಗಿಯ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ಅಣ್ಣ ಯಾವ ಊರಿನಲ್ಲಿದ್ದಾನೆ, ರಜೆ ಯಾವಾಗ ಎಂದು ಅಪರಿಚಿತರು ಫೋನಿನಲ್ಲಿ ಕೇಳಿದರೆ ಉತ್ತರ ಕೊಡಬೇಡಿರಿ. ಸುಮ್ಮನೆ ಹಣ ಕಳಿಸುತ್ತೇನೆಂದರೆ ಇನ್ನೂ ಎಚ್ಚರವಿರಲಿ. ಆ ಸಂದೇಶಗಳನ್ನು ಅಳಿಸದೆ ಪೊಲೀಸ್ ಠಾಣೆಗೆ ತೋರಿಸಿರಿ. ತಂದೆ ತಾಯಿಗಳೂ ಬೈಯುವ ಮೊದಲು ಮಕ್ಕಳ ಮಾತು ಪೂರ್ತಿ ಕೇಳಲಿ. ಮನೆಯಲ್ಲಿ ಹೇಳಲು ಅಂಜುವ ಹುಡುಗನೇ ಇಂಥವರಿಗೆ ಸುಲಭವಾಗಿ ಸಿಗುತ್ತಾನೆ.