ಎರೆ ಮಣ್ಣು ಕಪ್ಪಗಿದ್ದರೆ ಅದರಲ್ಲಿ ಎಲ್ಲ ಸತ್ವವೂ ಇರುತ್ತದೆಯೇ?

ಆಳಂದ ತಾಲ್ಲೂಕಿನ ಭೂಸನೂರಿನಿಂದ ಅಫಜಲಪುರ, ಜೇವರ್ಗಿಯವರೆಗೆ ಎತ್ತ ನೋಡಿದರೂ ಎರೆ ಭೂಮಿ, ಅದರ ತುಂಬ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ. ಇಂಥ ಮಣ್ಣಿಗೆ ಪರೀಕ್ಷೆ ಏಕೆ, ಒಂದು ಚೀಲ ಡಿಎಪಿ ಹಾಕಿದರೆ ಸಾಕು ಎಂಬ ಮಾತು ಸಾಮಾನ್ಯ. ಇದು ಎಷ್ಟು ನಿಜ?

ಬಣ್ಣ ಏನು ಹೇಳುತ್ತದೆ?

ಕಪ್ಪು ಬಣ್ಣ ಕಂಡರೆ ಗೊಬ್ಬರದ ಅಂಶ ಹೆಚ್ಚಿದೆ ಎನಿಸುತ್ತದೆ. ಆದರೆ ಬಿಸಿಲ ನಾಡಿನ ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆಯೇ. ಬಸಾಲ್ಟ್ ಕಲ್ಲಿನಿಂದ ಬಂದ ಖನಿಜಗಳು ಮತ್ತು ಜೇಡಿಗೆ ಬಿಗಿಯಾಗಿ ಅಂಟಿಕೊಂಡ ಅಲ್ಪ ಸಾವಯವ ಅಂಶ ಈ ಬಣ್ಣಕ್ಕೆ ಕಾರಣ. ನೀರು ಹಿಡಿದಿಡುವುದರಲ್ಲಿ ಎರೆ ಮಣ್ಣು ಗಟ್ಟಿ, ನಿಜ. ಆದರೆ ಸುಣ್ಣದ ಅಂಶ ಮತ್ತು ಕ್ಷಾರ ಗುಣದಿಂದಾಗಿ ಇದ್ದ ಸತುವೂ ಬೇರಿಗೆ ಸುಲಭವಾಗಿ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ಕಂಡದ್ದೇನು?

2009ರಲ್ಲಿ ರಾಜ್ಯ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ‘ಭೂಚೇತನ’ ಯೋಜನೆ ಆರಂಭಿಸಿತು. ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಡಿಎಪಿಯಲ್ಲಿ ಈ ಮೂರೂ ಇಲ್ಲ. 50 ಕೆ.ಜಿ. ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ, ಅಷ್ಟೇ. ಅಷ್ಟೇ ತೂಕದ ಸೂಪರ್ ಫಾಸ್ಫೇಟ್ ಚೀಲದಲ್ಲಿ ರಂಜಕ 8 ಕೆ.ಜಿ. ಮಾತ್ರ, ಆದರೆ ಸುಮಾರು 5 ಕೆ.ಜಿ. ಗಂಧಕವೂ ಇರುತ್ತದೆ.

ಎಲೆ ಹಳದಿಯಾದರೆ ಯೂರಿಯಾ ಹಾಕಬೇಕೇ?

ಎಲ್ಲಿ ಹಳದಿಯಾಗಿದೆ ಎಂದು ಮೊದಲು ನೋಡಿ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಬಿಳಚಿಕೊಳ್ಳುತ್ತದೆ, ಗಂಧಕ ಕಡಿಮೆಯಾದರೆ ತುದಿಯ ಚಿಗುರೆಲೆ. ತೊಗರಿಯಂತೂ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುತ್ತದೆ. ಗಂಧಕದ ಕೊರತೆಗೆ ಯೂರಿಯಾ ಹಾಕಿದರೆ ಖರ್ಚು ಹೆಚ್ಚುತ್ತದೆ, ಹಳದಿ ಹೋಗುವುದಿಲ್ಲ. ನೆಟೆ ರೋಗದಿಂದ ಒಣಗುವ ಗಿಡಕ್ಕೂ ಯೂರಿಯಾ ಮದ್ದಲ್ಲ, ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ.

ಚೀಟಿ ಇದ್ದರೆ ಸಾಕೇ?

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ಇರುತ್ತದೆ. ಅದನ್ನು ಓದಿ ಹೇಳುವವರಿಲ್ಲದಿದ್ದರೆ ಚೀಟಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಭೂಚೇತನದಲ್ಲಿ ಊರಿನವರನ್ನೇ ‘ರೈತ ಅನುವುಗಾರ’ರಾಗಿ ತರಬೇತಿಗೊಳಿಸಿ, ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿಸಿದ್ದು ಇದಕ್ಕಾಗಿಯೇ.

ಮಾದರಿ ತೆಗೆಯುವುದು ಹೇಗೆ?

• ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯಿರಿ.
• ಬದು, ತಿಪ್ಪೆ, ಮರದ ನೆರಳು ಬಿಟ್ಟು 8–10 ಕಡೆ ಅಂಕುಡೊಂಕಾಗಿ ಜಾಗ ಆರಿಸಿ.
• ಅರ್ಧ ಅಡಿ ಆಳದ ‘ವಿ’ ಆಕಾರದ ಗುಂಡಿ ತೋಡಿ, ಅಂಚಿನ ಮಣ್ಣನ್ನು ಮೇಲಿಂದ ಕೆಳಗಿನವರೆಗೆ ಕೆರೆದುಕೊಳ್ಳಿ.
• ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.

ವರದಿ ಬಂದ ಮೇಲೆ ಹೇಳಿದಷ್ಟೇ ಹಾಕಿ. ಬೋರಾನ್ ಸ್ವಲ್ಪ ಹೆಚ್ಚಾದರೂ ಬೆಳೆಗೆ ವಿಷವಾಗುತ್ತದೆ.

ಹಾಗಾಗಿ, ಎರೆ ಮಣ್ಣು ಒಳ್ಳೆಯದೇ, ಆದರೆ ಅದಕ್ಕೆ ಏನು ಬೇಕು ಎಂಬುದು ಬಣ್ಣದಿಂದ ತಿಳಿಯುವುದಿಲ್ಲ.